ಹೊಂಡಕ್ಕೆ ಹಾಕಿದ ಬಾರ್ಲಿ

ನ್ಯೂಜಿಲೆಂಡಿನಲ್ಲಿ ಕಾಗೆ ಇಲ್ಲ ಎನ್ನುವುದು ಹನ್ನೊಂದು ವರ್ಷ ಅಲ್ಲಿ ಬಾಳಿದ್ದ ಬದರಿನಾಥನ ಗಮನಕ್ಕೇ ಬಂದಿರಲಿಲ್ಲ. ಕಾಗೆಯಿಂದ ಅವನಿಗೆ ಆಗಬೇಕಾದ ಕೆಲಸವೂ ಯಾವುದೂ ಇರಲಿಲ್ಲ. ಅದು ಗೊತ್ತಾದದ್ದು 2016ರ ಫೆಬ್ರವರಿ ಅಮಾವಾಸ್ಯೆಯ ದಿನ, ತೀರಿಹೋದ ತಂದೆಯ ಮಾಸಿಕಕ್ಕೆ ಕಟ್ಟಿದ ಪಿಂಡವನ್ನು ಮುತ್ತುಗದೆಲೆಯ ಮೇಲಿಟ್ಟು ಹಿತ್ತಿಲ ಬೇಲಿಯ ಹತ್ತಿರ ಒಂದೂವರೆ ಗಂಟೆ ನಿಂತ ಮೇಲೆ.

ಮೊದಲ ಮಾಸಿಕಗಳನ್ನು ಮೈಸೂರಿನಲ್ಲಿ ಚಿಕ್ಕಪ್ಪನ ಮಗ ಹರಿಪ್ರಸಾದ ಅವನ ಪರವಾಗಿ ನಡೆಸಿಕೊಟ್ಟಿದ್ದ. ಹೆತ್ತ ಮಗ ಇರುವಾಗ ಇನ್ನೊಬ್ಬರ ಕೈಯಲ್ಲಿ ಎಷ್ಟು ದಿನ ಮಾಡಿಸುವುದು ಎಂದು ತಾಯಿ ಸುಶೀಲಮ್ಮ ಜನವರಿಯಲ್ಲಿ ತಾವೇ ವಿಮಾನ ಹತ್ತಿ ಮಗನ ಮನೆಗೆ ಬಂದಿದ್ದರು. ಪೊರಿರುವಾ ಊರಿನ ಹೊರಗೆ, ಗ್ರೇಮ್ ಎಂಬ ಮುದುಕನ ಕುರಿ ಮೇಯುವ ಹುಲ್ಲುಗಾವಲಿನ ಅಂಚಿನಲ್ಲಿದ್ದ ಬಾಡಿಗೆ ಮನೆ ಅದು. ಮಂತ್ರಕ್ಕೆ ಮೈಸೂರಿನ ಪುರೋಹಿತರು ಸ್ಕೈಪಿನಲ್ಲಿ ಕೂತಿದ್ದರು. ಇಲ್ಲಿ ಮಧ್ಯಾಹ್ನವಾದರೆ ಅಲ್ಲಿ ಇನ್ನೂ ನಸುಕು. ಪಾಪ, ಆಕಳಿಕೆಯ ಮಧ್ಯೆ ಮಧ್ಯೆ ಮಂತ್ರ ಹೇಳಿ ಎಲ್ಲವನ್ನೂ ಸಾಂಗವಾಗಿ ಮುಗಿಸಿದ್ದರು. ಉಳಿದದ್ದು ಕಾಗೆಯೊಂದೇ.

ಕಪ್ಪುಬಿಳುಪಿನ ಮ್ಯಾಗ್‌ಪೈ ಹಕ್ಕಿಯೊಂದು ಬಂದು, ಪಿಂಡವನ್ನು ಓರೆಗಣ್ಣಿನಿಂದ ನೋಡಿ, ಹಾರಿಹೋಯಿತು.

"ಅದು ಕಾಗೆ ಅಲ್ಲ ಕಣೋ," ಎಂದರು ಸುಶೀಲಮ್ಮ ಅಡಿಗೆಮನೆಯ ಕಿಟಕಿಯಿಂದ.

"ಕಾಗೆ ಜಾತೀದೇ ಇರಬಹುದಮ್ಮ."

"ನಿಮ್ಮಪ್ಪನ ವಿಷಯದಲ್ಲಿ ಇರಬಹುದು ಗಿರಬಹುದು ಬೇಡ."

ಹದಿನಾಲ್ಕು ವರ್ಷದ ಮಗಳು ನಿಧಿ ಫೋನಿನಿಂದ ತಲೆಯೆತ್ತಿದಳು. "ಡ್ಯಾಡ್, ನೋ ಕ್ರೋಸ್ ಇನ್ ನ್ಯೂಜಿಲೆಂಡ್. ಐ ಜಸ್ಟ್ ಗೂಗಲ್ಡ್ ಇಟ್."

"ಏನಂತೆ?"

"ಈ ದೇಶದಲ್ಲಿ ಕಾಗೇನೇ ಇಲ್ವಂತೆ ಅತ್ತೆ," ಎಂದಳು ಸೊಸೆ ಶ್ರೀವಿದ್ಯಾ.

ಸುಶೀಲಮ್ಮ ಸ್ವಲ್ಪ ಹೊತ್ತು ಯೋಚಿಸಿದರು. "ಮತ್ತೆ ಇಲ್ಲಿ ಜನ ಹ್ಯಾಗೆ ಸಾಯ್ತಾರೆ?" ಎಂದು ಕೇಳಿದರು.

ನಿಧಿಗೆ ನಗು ಬಂತು; ತಾಯಿ ಕಣ್ಣುಬಿಟ್ಟದ್ದರಿಂದ ನುಂಗಿಕೊಂಡಳು. ಗಂಟೆ ಮೂರಾಯಿತು. ವಡೆ ತಣ್ಣಗಾಯಿತು, ಹುಳಿಯ ಮೇಲೆ ಕೆನೆಗಟ್ಟಿತು. ನೀವೆಲ್ಲ ಉಣ್ಣಿ, ಕಾಗೆ ಮುಟ್ಟದ ಮೇಲೆ ನನಗೆ ಗಂಟಲಲ್ಲಿ ಇಳಿಯುವುದಿಲ್ಲ ಎಂದು ಸುಶೀಲಮ್ಮ ಹೋಗಿ ಮಂಚದ ಮೇಲೆ ಕೂತರು. ಬದರಿ ಬಾಗಿಲಲ್ಲಿ ನಿಂತಾಗ ಹೇಳಿದರು: "ನನ್ನ ವಾಪಸ್ ಕಳಿಸಿಬಿಡೋ. ಶಾಂತಾ ಮನೇಲಿ ಇರ್ತೀನಿ. ಇಲ್ಲಿ ಅವರಿಗೂ ದಾರಿ ಗೊತ್ತಾಗ್ತಿಲ್ಲ, ನನಗೂ ಗೊತ್ತಾಗ್ತಿಲ್ಲ."

ಶಾಂತಾ ಅವರ ತಂಗಿ. ಆ ಹೆಸರು ಕೇಳಿದರೆ ಬದರಿಗೆ ಎದೆ ಝಲ್ಲೆನ್ನುತ್ತಿತ್ತು. ತಂದೆ ತೀರಿಕೊಂಡಾಗ ಅವನು ಸಿಂಗಪುರದ ವಿಮಾನನಿಲ್ದಾಣದಲ್ಲಿ ಎರಡನೆಯ ವಿಮಾನಕ್ಕೆ ಕಾಯುತ್ತಿದ್ದ. ಮನೆ ಮುಟ್ಟಿದಾಗ ಅವರು ಮಂಜುಗಡ್ಡೆಯ ಪೆಟ್ಟಿಗೆಯಲ್ಲಿದ್ದರು. ಅಮ್ಮನನ್ನಾದರೂ ಕಣ್ಣೆದುರಿಗೆ ಇಟ್ಟುಕೊಳ್ಳಬೇಕು, ಏನೇ ಆಗಲಿ ವಾಪಸ್ ಕಳಿಸಬಾರದು ಎಂದು ಅವನು ನಿಶ್ಚಯಿಸಿದ್ದು ಅಲ್ಲೇ. ಅಮ್ಮನನ್ನು ಮಾತ್ರ ಆ ಮಾತು ಕೇಳಿರಲಿಲ್ಲ. ಕೇಳಿದರೆ ಎಲ್ಲಿ ಇಲ್ಲ ಎಂದುಬಿಡುತ್ತಾರೋ ಎಂಬ ಭಯ.

ಪುರೋಹಿತರಿಗೆ ಮತ್ತೆ ಫೋನು ಹೋಯಿತು. ಕಾಗೆ ಸಿಗದ ಕಡೆ ಹಸುವಿಗೆ ಕೊಡಬಹುದು, ನೀರಿಗೆ ಬಿಡಬಹುದು, ಶಾಸ್ತ್ರವಿದೆ, ಯೋಚನೆ ಬೇಡ ಎಂದರು ಅವರು. ಹಸು ಹತ್ತಿರದಲ್ಲಿರಲಿಲ್ಲ. ನೀರಿತ್ತು. ಮನೆಗೂ ಗ್ರೇಮನ ಮನೆಗೂ ನಡುವೆ ಒಂದು ದೊಡ್ಡ ಹೊಂಡ, ಸುತ್ತ ಜೊಂಡು, ದಡದಲ್ಲಿ ಮಾನುಕಾ ಎಂಬ ಕುರುಚಲು ಮರದ ಕೊಂಬೆ ಹೊಚ್ಚಿದ ಒಂದು ಗುಡಿಸಲು. ತಾಯಿ ಮಗ ಇಬ್ಬರೂ ಹೋಗಿ ಪಿಂಡವನ್ನು ನೀರಿಗೆ ಬಿಟ್ಟರು. ಜೊಂಡಿನೊಳಗಿಂದ ಏಳೆಂಟು ಬಾತುಗಳು ನೀರು ಸೀಳಿಕೊಂಡು ಬಂದು, ಒಂದರ ಮೇಲೊಂದು ಬಿದ್ದು, ಅರ್ಧ ನಿಮಿಷದಲ್ಲಿ ಒಂದು ಅಗುಳೂ ಉಳಿಯದಂತೆ ತಿಂದು ಮುಗಿಸಿದವು.

ಸುಶೀಲಮ್ಮನವರ ಮುಖ ಅರಳಿತು. "ನಿಮ್ಮಪ್ಪನಿಗೆ ಊಟಕ್ಕೆ ಕೂತರೆ ಯಾವಾಗಲೂ ಆತುರ," ಎಂದರು.

ಅಂದು ಅವರು ಎರಡು ವಡೆ ಹೆಚ್ಚಿಗೇ ತಿಂದರು.

ಮಾರ್ಚಿ ನಡುವಿನಲ್ಲಿ ಗ್ರೇಮನಿಗೆ ಸೊಂಟದ ಕೀಲಿನ ಆಪರೇಷನ್ ಗೊತ್ತಾಯಿತು. ಹೋಗುವ ಮುನ್ನ ಬದರಿಯನ್ನು ಕರೆದು ಒಂದು ಉಪಕಾರ ಕೇಳಿದ. ಶೆಡ್ಡಿನಲ್ಲಿ ಬಾರ್ಲಿಯ ಮೂಟೆಗಳಿವೆ. ದಿನವೂ ಬೆಳಗ್ಗೆ ಅರ್ಧ ಬಕೆಟ್ಟು, ಅದೇ ಹೊತ್ತಿಗೆ, ಅದೇ ಜಾಗದಲ್ಲಿ, ಹೊಂಡದ ಈಚೆ ದಡಕ್ಕೆ ಚೆಲ್ಲಬೇಕು. ಬಾತುಗಳಿಗೆ ರೂಢಿಯಾಗಬೇಕು, ಒಂದು ಇನ್ನೊಂದನ್ನು ಕರೆತರಬೇಕು. ಮೇ ತಿಂಗಳ ಮೊದಲ ಶನಿವಾರ ಬೇಟೆ ಶುರು, ಅವತ್ತು ಸ್ನೇಹಿತರು ಬಂದೂಕು ಹಿಡಿದು ಆ ಗುಡಿಸಲಿನಲ್ಲಿ ಕೂರುತ್ತಾರೆ, ಮೂವತ್ತು ವರ್ಷದಿಂದ ತಪ್ಪಿಸಿಲ್ಲ ಎಂದ. ಮುಚ್ಚುಮರೆ ಏನೂ ಇರಲಿಲ್ಲ. ಬೇಟೆಗೆ ಮುಂಚೆ ಕೆರೆಕುಂಟೆಗಳಿಗೆ ಕಾಳು ಹಾಕುವುದು ಆ ಸೀಮೆಯಲ್ಲಿ ಎಲ್ಲರೂ ಮಾಡುವ ಕೆಲಸ. ಬದರಿ ಆಗಲಿ ಎಂದ. ಬಾಡಿಗೆಯನ್ನು ಎರಡು ವರ್ಷದಿಂದ ಏರಿಸದ ಮನುಷ್ಯನಿಗೆ ಇಲ್ಲ ಎನ್ನುವುದು ಹೇಗೆ?

ಮೊದಲ ಮೂಟೆಯನ್ನು ಮನೆ ಹಿಂದೆ ಇಳಿಸುವಾಗ ಸುಶೀಲಮ್ಮ ಕೇಳಿದರು. "ಯಾರಿಗೋ ಇದು?"

"ಬಾತುಗಳಿಗಮ್ಮ. ಗ್ರೇಮ್ ಹಾಕಿಸ್ತಾರೆ."

"ಯಾಕೆ?"

ಬದರಿ ಮೂಟೆಯ ಬಾಯಿ ಬಿಚ್ಚುತ್ತಿದ್ದ. "ಇಲ್ಲಿ ಇನ್ನು ಚಳಿಗಾಲ ಬರುತ್ತಲ್ಲ," ಎಂದ.

"ಪುಣ್ಯಾತ್ಮ," ಎಂದರು ಸುಶೀಲಮ್ಮ. "ಆಪರೇಷನ್ನಿಗೆ ಹೋಗ್ತಾ ಹಕ್ಕಿ ಹೊಟ್ಟೆ ಯೋಚನೆ ಮಾಡ್ತಾನಲ್ಲ. ಬಿಡು, ನೀನು ಕೆಲಸಕ್ಕೆ ಓಡೋನು. ನಾನು ಹಾಕ್ತೀನಿ."

ಆಗಲೇ ಹೇಳಬಹುದಿತ್ತು. ಸಂಜೆ ಹೇಳಿದರಾಯಿತು ಎಂದುಕೊಂಡ. ಬೀಸುವ ದೊಣ್ಣೆ ತಪ್ಪಿಸಿಕೊಂಡರೆ ಸಾವಿರ ವರ್ಷ ಆಯಸ್ಸು ಎಂದು ನಂಬಿದ ಜಾತಿಯವನು ಬದರಿ. ಸಂಜೆ ಬಂದಾಗ ಅಮ್ಮ ಚಪಾತಿ ಲಟ್ಟಿಸುತ್ತ ನಿಧಿಗೆ ಬಾತುಗಳ ಸುದ್ದಿ ಹೇಳುತ್ತಿದ್ದರು. ಮನೆಯಲ್ಲಿ ಒಗ್ಗರಣೆಯ ವಾಸನೆಯಿತ್ತು. ಅವನು ಕೈತೊಳೆದು ಊಟಕ್ಕೆ ಕೂತ.

ಅಲ್ಲಿಂದ ಮುಂದೆ ಆ ಮನೆಯ ದಿನಚರಿಯೇ ಬದಲಾಯಿತು. ಆರೂವರೆಗೆ ಎದ್ದು ಸ್ನಾನ ಮಾಡಿ, ಬದರಿಯ ಹಳೇ ಜಾಕೆಟ್ಟನ್ನು ಸೀರೆಯ ಮೇಲೆ ಹಾಕಿಕೊಂಡು, ಅವನ ಗಂಬೂಟುಗಳಲ್ಲಿ ಕಾಲು ತೂರಿಸಿ ಸುಶೀಲಮ್ಮ ಬಕೆಟ್ಟಿನೊಂದಿಗೆ ಹೊರಡುವರು. ಕಾಳು ಚೆಲ್ಲಿ, ಆ ಗುಡಿಸಲಿನ ಬೆಂಚಿನ ಮೇಲೆ ಕೂತು ನೂರೆಂಟು ಜಪ ಮುಗಿಸಿ ಬರುವರು. ಒಳಗೆ ಕೂತವರು ಹೊರಗೆ ಕಾಣುವುದಿಲ್ಲ, ಹೊರಗಿನದೆಲ್ಲ ಒಳಗೆ ಕಾಣುತ್ತದೆ, ಜಪಕ್ಕೆಂದೇ ಕಟ್ಟಿದ ಹಾಗಿದೆ ಎಂದು ಹೊಗಳಿದರು. ಬಂದು ದೋಸೆ ಹೊಯ್ಯುವರು. ಬದರಿ ಬೆಟ್ಟದ ರಸ್ತೆ ಹಿಡಿದು ಲೋವರ್ ಹಟ್ ಊರಿನ ಪಂಪು ಕಾರ್ಖಾನೆಗೆ, ಶ್ರೀವಿದ್ಯಾ ಆಸ್ಪತ್ರೆಯ ಲ್ಯಾಬಿಗೆ, ನಿಧಿ ಶಾಲೆಗೆ ಬಿಸಿ ಡಬ್ಬಿ ಹಿಡಿದು ಹೋಗುವರು. ಮೊದಲಾದರೆ ಫ್ರಿಜ್ಜಿನ ಬ್ರೆಡ್ಡೇ ಗತಿಯಾಗಿದ್ದ ಸಂಸಾರ ಅದು. ಶಾಂತಾಳ ಮನೆಯ ಮಾತು ಸುಶೀಲಮ್ಮನವರ ಬಾಯಲ್ಲಿ ಬರುವುದು ನಿಂತೇಹೋಯಿತು. ಬದಲಿಗೆ ಶಾಂತಾಳಿಗೇ ಫೋನು ಮಾಡಿ, "ನಿಮ್ಮ ಭಾವನ ಹೆಸರಲ್ಲಿ ದಿನಾ ನೂರು ಬಾಯಿಗೆ ಅನ್ನ ಬೀಳ್ತಿದೆ ಕಣೇ, ಮೈಸೂರಲ್ಲಿ ಇದ್ದಿದ್ರೆ ನನ್ನ ಕೈಲಿ ಆಗ್ತಿತ್ತಾ?" ಎನ್ನುವರು.

ಬದರಿ ಅದನ್ನು ಪಕ್ಕದ ಕೋಣೆಯಿಂದ ಕೇಳಿಸಿಕೊಳ್ಳುವನು. ಸಂತೋಷವಾಗುತ್ತಿತ್ತು ಎಂದರೆ ಸುಳ್ಳಲ್ಲ. ವೀಸಾ ಮುಂದುವರಿಸುವ ಅರ್ಜಿಯನ್ನು ಅವನು ಮುದ್ರಿಸಿ ತಂದಿಟ್ಟಿದ್ದ.

ಏಪ್ರಿಲ್ ಮೊದಲ ವಾರ ನಿಧಿ ಶಾಲೆಯಿಂದ ಮುಖ ಊದಿಸಿಕೊಂಡು ಬಂದಳು. ಗ್ರೇಮನ ಮೊಮ್ಮಗಳು ಟೆಸ್ ಅವಳ ತರಗತಿಯವಳೇ. ರಾತ್ರಿ ಊಟಕ್ಕೆ ಕೂತಾಗ ತಟ್ಟೆ ನೋಡುತ್ತಲೇ ಕೇಳಿದಳು.

"ಡ್ಯಾಡ್, ಡಸ್ ಅಜ್ಜಿ ನೋ?"

ಬದರಿ ಕುಂಬಳಕಾಯಿ ಕಳ್ಳನಂತೆ ಹೆಗಲು ಮುಟ್ಟಿಕೊಂಡ. "ವಾಟ್?"

"ಟೆಸ್ ಸೆಡ್ ಇಟ್ಸ್ ಬೇಟ್. ಫಾರ್ ಓಪನಿಂಗ್ ಡೇ." ಆ ಕಾಳು ಬೇಟೆಯ ಮೊದಲ ದಿನಕ್ಕೆ ಒಡ್ಡಿದ ಆಮಿಷ ಎಂದು ಟೆಸ್ ಹೇಳಿದ್ದಳು.

"ಈಟ್ ಯುವರ್ ಫುಡ್."

"ಏನಂತೆ ಮಗು?" ಎಂದರು ಸುಶೀಲಮ್ಮ, ಹುಳಿಯ ಸೌಟು ಹಿಡಿದುಕೊಂಡು. ಅವರಿಗೆ ಬರುತ್ತಿದ್ದ ಇಂಗ್ಲಿಷು ಬ್ಯಾಂಕು, ಡಾಕ್ಟರು, ಟಿಕೆಟ್ಟುಗಳಲ್ಲಿ ಮುಗಿಯುತ್ತಿತ್ತು.

"ಸ್ಕೂಲಿನ ವಿಷಯ ಅಮ್ಮ."

"ಸ್ಕೂಲಿನ ವಿಷಯಕ್ಕೆ ಯಾಕೆ ಇಷ್ಟು ಕೋಪ? ತಗೋ, ಇನ್ನೊಂದು ಚೂರು ನುಗ್ಗೆಕಾಯಿ ಹಾಕಿಸ್ಕೋ."

ನಿಧಿ ಹಾಕಿಸಿಕೊಂಡಳು. ತಿನ್ನಲಿಲ್ಲ.

ಶನಿವಾರ ಬಟ್ಟೆ ಒಣಹಾಕುವಾಗ ಶ್ರೀವಿದ್ಯಾ ಮಾತು ತೆಗೆದಳು. "ನೀವು ಹೇಳ್ತೀರೋ, ನಾನು ಹೇಳ್ಲೋ?"

"ಸಮಯ ನೋಡಿ ಹೇಳ್ತೀನಿ."

"ಒಂದು ತಿಂಗಳಿಂದ ಸಮಯ ನೋಡ್ತಾ ಇದೀರ. ಮಗಳು ನನ್ನ ಮುಖ ನೋಡಿ ಮಾತಾಡ್ತಿಲ್ಲ."

"ಹೇಳಿದ ಮಾರನೇ ದಿನ ಟಿಕೆಟ್ ಕೇಳ್ತಾರೆ ವಿದ್ಯಾ. ಫೆಬ್ರವರಿಯಲ್ಲಿ ಹ್ಯಾಗಿದ್ರು ನೋಡಿದೀಯಲ್ಲ."

"ಹಾಗಂತ ಕೊಲ್ಲೋಕೆ ಅವರ ಕೈಲೇ ಕಾಳು ಹಾಕಿಸೋದಾ?"

"ನಿನಗೇನು ಅನುಕೂಲ ಆಗಿಲ್ವಾ?" ಎಂದ ಬದರಿ. ಸ್ವರ ಏರಿತ್ತು. "ಬೆಳಗ್ಗೆ ಬಿಸಿ ದೋಸೆ, ಸಂಜೆ ಬಂದ್ರೆ ಅಡಿಗೆ ರೆಡಿ, ನಿಧಿಗೆ ಮನೇಲಿ ಒಬ್ಬರು. ಎರಡು ತಿಂಗಳಿಂದ ನೀನು ಗ್ಯಾಸ್ ಹಚ್ಚಿದೀಯಾ?"

ಶ್ರೀವಿದ್ಯಾ ಕೈಯಲ್ಲಿದ್ದ ಟವೆಲನ್ನು ಎರಡು ಸಲ ಕೊಡವಿ ತಂತಿಗೆ ಹಾಕಿದಳು. "ಹಚ್ಚಿಲ್ಲ," ಎಂದಳು. "ಅದಕ್ಕೇ ನಾನೂ ಬಾಯಿ ಮುಚ್ಕೊಂಡಿದೀನಿ. ಅದೇ ನನಗೆ ಅಸಹ್ಯ ಆಗ್ತಿರೋದು."

ಒಂದು ಸುಳ್ಳಿಗೆ ಇಬ್ಬರು ಪಾಲುದಾರರಾದರೆ ಅದರ ಭಾರ ಅರ್ಧವಾಗಬೇಕು. ಅವರಿಗೆ ಇಬ್ಬರಿಗೂ ಪೂರ್ತಿ ಪೂರ್ತಿಯೇ ಉಳಿಯಿತು.

ಏಪ್ರಿಲ್ ಕೊನೆಯ ರಜೆಯಲ್ಲಿ ಹಿಂಬದಿ ತೆರೆದ ಒಂದು ಯೂಟ್ ಗಾಡಿ ತುಂಬ ಮಾನುಕಾ ಕೊಂಬೆ ಹೇರಿಕೊಂಡು ಗ್ರೇಮನ ನಾಲ್ವರು ಸ್ನೇಹಿತರು ಬಂದರು. ಗುಡಿಸಲಿನ ಒಣಗಿದ ಹೊದಿಕೆ ಕಿತ್ತು ಹಸಿ ಕೊಂಬೆ ಹೊಚ್ಚಿದರು, ಬೆಂಚಿನ ಸಡಿಲ ಹಲಗೆಗೆ ಮೊಳೆ ಹೊಡೆದರು. ಸುಶೀಲಮ್ಮನವರಿಗೆ ಕೂತಲ್ಲಿ ಕೂರಲಾಗಲಿಲ್ಲ. ಬೆಳಗ್ಗೆಯೇ ಕೋಡುಬಳೆ ಹೊಸೆದು ಕರಿದು, ಫ್ಲಾಸ್ಕಿನಲ್ಲಿ ಕಾಫಿ ತುಂಬಿಸಿ, ಬದರಿಯ ಕೈಯಲ್ಲಿ ಹೊರಿಸಿಕೊಂಡು ಹೊರಟರು.

ಗಡ್ಡದ ಗಂಡಸರು ಕೋಡುಬಳೆಯನ್ನು ಬೆರಳಿಗೆ ಸಿಕ್ಕಿಸಿಕೊಂಡು ಕುರುಂ ಕುರುಂ ತಿಂದರು. ಒಬ್ಬ ಕಣ್ಣು ಕಿರಿದು ಮಾಡಿ ನೀರಿನ ಕಡೆ ನೋಡಿ ಎಣಿಸಿದ. ಈ ಹೊಂಡದಲ್ಲಿ ಇಷ್ಟು ಬಾತು ತಾನೆಂದೂ ಕಂಡಿಲ್ಲ, ನೂರೈವತ್ತಕ್ಕೆ ಕಡಿಮೆಯಿಲ್ಲ ಎಂದ.

"ಏನಂತಾನೋ?"

"ನೂರೈವತ್ತು ಬಾತು ಇದಾವಂತೆ."

"ನೂರೈವತ್ತು ಎಲೆ," ಎಂದರು ಸುಶೀಲಮ್ಮ. "ಮದುವೆಮನೆ ಆಯ್ತಲ್ಲೋ. ಇನ್ನೊಂದೆರಡು ತಗೊಳ್ಳೋಕೆ ಹೇಳು, ಮರ ಹತ್ತಿ ಕೊಂಬೆ ಕಡಿದು ಬಂದಿದಾರೆ ಪಾಪ, ಹಕ್ಕಿಗಳಿಗೋಸ್ಕರ."

ಬದರಿ ಕೋಡುಬಳೆಯ ಡಬ್ಬಿ ಹಿಡಿದು ಸುತ್ತ ಹೋದ. ಎಲ್ಲರೂ ಅವನ ತಾಯಿಗೆ ಥ್ಯಾಂಕ್ಸ್ ಹೇಳಿದರು. ಅವನಿಗೆ ನೆಲ ಬಾಯಿಬಿಡಬಾರದೇ ಎನಿಸಿತು.

ಮಾರನೆಯ ದಿನ ಅವನು ಗ್ರೇಮನ ಮನೆಗೆ ಹೋದ. ಊರುಗೋಲು ಗೋಡೆಗೆ ಆನಿಸಿ, ಮುದುಕ ಜಗುಲಿಯಲ್ಲಿ ಬಿಸಿಲು ಕಾಯಿಸಿಕೊಳ್ಳುತ್ತಿದ್ದ. ಈ ಒಂದು ವರ್ಷ ಈ ಹೊಂಡದಲ್ಲಿ ಬೇಟೆ ಬೇಡವೆನ್ನಲು ಸಾಧ್ಯವೇ ಎಂದು ಬದರಿ ಕೇಳಿದ. ಅಮ್ಮನಿಗೆ ಆ ಬಾತುಗಳ ಮೇಲೆ ಪ್ರೀತಿ ಬೆಳೆದಿದೆ ಎಂದ.

ಗ್ರೇಮ್ ಆಪರೇಷನ್ನಾದ ಕಾಲನ್ನು ಮುಂದೆ ಚಾಚಿಕೊಂಡ. ಇದನ್ನು ಮಾರ್ಚಿಯಲ್ಲಿ ಹೇಳಿದ್ದರೆ ಕಾಳು ಹಾಕುವುದಕ್ಕೆ ಟೆಸ್‌ಗೆ ಹೇಳುತ್ತಿದ್ದೆ, ಈಗ ಸ್ನೇಹಿತರು ಲೈಸೆನ್ಸ್ ಮಾಡಿಸಿದ್ದಾರೆ, ಇಬ್ಬರು ದೂರದ ಟೌಪೊ ಊರಿನಿಂದ ಬರುತ್ತಿದ್ದಾರೆ ಎಂದ. ಈ ಹೊಂಡ ತೋಡಿದ್ದು ತನ್ನಪ್ಪ, ತೋಡಿದ್ದೇ ಇದಕ್ಕೆ ಎಂದ. ಆಮೇಲೆ ಕಣ್ಣೆತ್ತಿ ನೋಡಿದ. "ಕಾಳು ಯಾತಕ್ಕೆ ಅಂತ ನಿನ್ನ ಅಮ್ಮನಿಗೆ ಗೊತ್ತಿದೆ ತಾನೆ?"

ಆ ಮುದುಕನ ನೀಲಿ ಕಣ್ಣಿನ ಮುಂದೆ ತಾನೆಂಥವನು ಎಂದು ಒಪ್ಪಿಕೊಳ್ಳುವುದಕ್ಕೆ ಬದರಿಗೆ ನಾಚಿಕೆಯಾಯಿತು. "ಗೊತ್ತು, ಗೊತ್ತು," ಎಂದ. "ಸ್ವಲ್ಪ ಮೆದು ಮನಸ್ಸು ಅಷ್ಟೆ."

"ಹಾಗಾದರೆ ಸರಿ," ಎಂದ ಗ್ರೇಮ್.

ಉಳಿದದ್ದು ಒಂದೇ ಉಪಾಯ. ಬೇಟೆ ಶುರುವಾಗುವ ಶನಿವಾರ ಅಮ್ಮ ಊರಲ್ಲಿರಬಾರದು. ಆಕ್ಲೆಂಡಿನ ಪಾಪಟೋಟೊಯಿಯಲ್ಲಿ ಬದರಿಯ ಹಳೆಯ ಸಹಪಾಠಿ ವಾಸುದೇವ್ ಇದ್ದ. ಅವನ ಹೆಂಡತಿ ಕಾತ್ಯಾಯಿನಿಗೆ ಸುಶೀಲಮ್ಮನವರನ್ನು ಕಂಡರೆ ಅಕ್ಕರೆ. ಶುಕ್ರವಾರವೇ ಅಮಾವಾಸ್ಯೆ. ಮಧ್ಯಾಹ್ನ ಮಾಸಿಕ ಮುಗಿಸಿ, ಸಂಜೆ ಆರರ ವಿಮಾನಕ್ಕೆ ಎಲ್ಲರೂ ಹೊರಡುವುದು, ಸೋಮವಾರ ವಾಪಸ್ಸು ಎಂದು ಟಿಕೆಟ್ ಮಾಡಿಸಿದ. ಎರಡು ದಿನ ಗುಂಡಿನ ಸದ್ದು ಕೇಳಿಸದಿದ್ದರೆ ಸಾಕು, ಆಮೇಲೆ ಬಾತು ಕಡಿಮೆಯಾದದ್ದಕ್ಕೆ ಚಳಿಗೆ ವಲಸೆ ಹೋದವು ಎನ್ನಬಹುದು.

"ಮೂರು ದಿನ ಕಾಳು ಯಾರು ಹಾಕ್ತಾರೆ?" ಎಂದು ಸುಶೀಲಮ್ಮ ಕೇಳಿದರು.

"ಗ್ರೇಮ್ ನೋಡ್ಕೋತಾರಮ್ಮ."

"ಪಾಪ, ಆ ಕಾಲಿನಲ್ಲಿ? ನನ್ನ ಸದ್ದಿಲ್ಲದೆ ಅವು ದಡಕ್ಕೇ ಬರಲ್ಲ ಕಣೋ. ಇರಲಿ. ನಿಂಗೂ ಒಂದು ಬದಲಾವಣೆ ಬೇಕು, ಈಚೆಗೆ ಮುಖ ಯಾಕೋ ಬಾಡಿದೆ. ಆ ವೀಸಾದ್ದು ಫಾರಂ ತಂದಿಟ್ಟಿದೀಯಲ್ಲ, ಕೊಡು, ರುಜು ಹಾಕಿಬಿಡ್ತೀನಿ, ಮರೆತುಹೋದೀತು."

ಅಡಿಗೆಮನೆಯ ಮೇಜಿನ ಮೇಲೆ, ಮೆಣಸಿನಪುಡಿಯ ಡಬ್ಬಿ ಆಚೆ ಸರಿಸಿ, ಅವರು ಕನ್ನಡದಲ್ಲಿ ಸುಶೀಲಾ ಎಂದು ದುಂಡಗೆ ರುಜು ಹಾಕಿದರು. ನಿಧಿ ಎದ್ದು ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಶುಕ್ರವಾರ ಮಾಸಿಕ ಸಾಂಗವಾಗಿ ಮುಗಿಯಿತು. ಪಿಂಡ ಹೊಂಡಕ್ಕೆ ಹೋಯಿತು. ಊಟವಾಗಿ ಪಾತ್ರೆ ತೊಳೆದು ಮೂರೂಕಾಲಕ್ಕೆ ನಾಲ್ಕು ಚೀಲಗಳು ಬಾಗಿಲ ಬಳಿ ನಿಂತಿದ್ದವು. ನಿಧಿ ಶಾಲೆಯಿಂದ ಬಂದು ಬಟ್ಟೆ ಬದಲಾಯಿಸಿದ್ದಳು. ಇನ್ನು ಹತ್ತು ನಿಮಿಷದಲ್ಲಿ ಕಾರು ಹೊರಡಬೇಕು. ಆಗ ಬಾಗಿಲು ಬಡಿದ ಸದ್ದಾಯಿತು.

ಗ್ರೇಮ್. ಒಂದು ಕೈಯಲ್ಲಿ ಊರುಗೋಲು, ಇನ್ನೊಂದು ಕೈಯಲ್ಲಿ ಚಾಕೊಲೇಟಿನ ಡಬ್ಬಿ ಮತ್ತು ತೋಟದ ಸೇವಂತಿಗೆಯ ಗೊಂಚಲು. ಆಪರೇಷನ್ ಆದಮೇಲೆ ಅಷ್ಟು ದೂರ ನಡೆದದ್ದು ಅದೇ ಮೊದಲು, ಏದುಸಿರು ಬಿಡುತ್ತಿದ್ದ. ಬದರಿಯ ತಾಯಿಗೆ ತಾನೇ ಬಂದು ಥ್ಯಾಂಕ್ಸ್ ಹೇಳಬೇಕಿತ್ತು ಎಂದ. ಸುಶೀಲಮ್ಮ ಸೆರಗು ಸರಿಮಾಡಿಕೊಂಡು ಬಂದು ಹೂವು ಇಸಿದುಕೊಂಡರು.

ಮೂವತ್ತು ವರ್ಷದಲ್ಲಿ ಇಂಥ ಓಪನಿಂಗ್ ಡೇ ಆಗಿಲ್ಲ, ನಾಳೆ ಭರ್ಜರಿಯಾಗಿರುತ್ತದೆ, ಎಲ್ಲ ನಿಮ್ಮ ಕೈಗುಣ ಎಂದು ಅವನು ನಿಧಾನವಾಗಿ, ಬಿಡಿಬಿಡಿಯಾಗಿ, ಅರ್ಥವಾಗಲಿ ಎಂದು ಹೇಳಿದ. ನಿಮಗೆ ಬೇಕಾದರೆ ನಾಲ್ಕು ಬಾತು ಶುಚಿಮಾಡಿ ಕಳಿಸುತ್ತೇನೆ ಎನ್ನುತ್ತಿದ್ದೆ, ಆದರೆ ನೀವು ಸಸ್ಯಾಹಾರಿಗಳೆಂದು ಟೆಸ್ ಹೇಳಿದಳು, ಅದಕ್ಕೆ ಚಾಕೊಲೇಟು, ಎಂದು ನಕ್ಕ.

"ಏನಂತಾರೆ?" ಎಂದರು ಸುಶೀಲಮ್ಮ.

"ಥ್ಯಾಂಕ್ಸ್ ಹೇಳ್ತಿದಾರಮ್ಮ," ಎಂದ ಬದರಿ. "ಕಾಳು ಹಾಕಿದ್ದಕ್ಕೆ. ನಡಿ, ಲೇಟಾಗುತ್ತೆ."

"ಇಷ್ಟುದ್ದ ಮಾತಾಡಿದ್ರು, ಥ್ಯಾಂಕ್ಸ್ ಅಷ್ಟೇನಾ? ನೀನು ಹೇಳು ಮಗು."

ನಿಧಿ ಅಪ್ಪನನ್ನು ನೋಡಲಿಲ್ಲ. ಅಜ್ಜಿಯ ಕನ್ನಡಕ್ಕೆ ಅವಳು ಒಂದೆರಡು ಇಂಗ್ಲಿಷ್ ಪದಗಳಲ್ಲೇ ಉತ್ತರ ಕೊಡುತ್ತಿದ್ದವಳು. ಕನ್ನಡ ಅವಳ ನಾಲಗೆಯ ಮೇಲೆ ತಡವರಿಸುತ್ತಿತ್ತು. "ಅಜ್ಜಿ," ಎಂದಳು, "ನಾಳೆ ಅವರು ಬಾತುಗಳನ್ನ ಗನ್ನಿಂದ ಹೊಡೀತಾರೆ. ಅವು ಎಲ್ಲ ಬರಲಿ ಅಂತ ಕಾಳು. ಅದಕ್ಕೇ ಅಷ್ಟೆ. ಮುಂಚಿಂದ ಅದಕ್ಕೇ."

ಗ್ರೇಮ್ ಒಬ್ಬೊಬ್ಬರ ಮುಖ ನೋಡಿ, ಕೊನೆಗೆ ಬದರಿಯ ಮುಖದಲ್ಲಿ ಕಣ್ಣು ನಿಲ್ಲಿಸಿದ. ಅವನಿಗೆ ಕನ್ನಡ ಬರದಿದ್ದರೂ ವಿಷಯ ತಿಳಿದುಹೋಯಿತು. "ಜೀಸಸ್, ಮೇಟ್," ಎಂದು ಮೆಲ್ಲಗೆ ಹೇಳಿ, ಊರುಗೋಲು ತಿರುಗಿಸಿಕೊಂಡು ಮೆಟ್ಟಿಲಿಳಿದ.

ಸುಶೀಲಮ್ಮ ಹೂವನ್ನು ಚೀಲಗಳ ಮೇಲಿಟ್ಟು, ಬರಿಗಾಲಿನಲ್ಲೇ ಹೊರಗೆ ನಡೆದರು.

ಬದರಿ ಹಿಂದೆ ಓಡಿದ. ಹೊಂಡದ ದಡದಲ್ಲಿ ಅವರು ಎರಡು ಕೈಗಳನ್ನೂ ಎತ್ತಿ ಬೀಸುತ್ತಿದ್ದರು. "ಹೋಗಿ, ಹೋಗಿ," ಎನ್ನುತ್ತಿದ್ದರು. "ಇಲ್ಲಿರಬೇಡಿ, ಹೋಗಿ." ಅವರ ದನಿ ಕೇಳಿದ್ದೇ ತಡ, ಜೊಂಡಿನೊಳಗಿಂದ, ಆಚೆ ದಡದಿಂದ, ನೀರಿನ ನಡುವಿನಿಂದ ಬಾತುಗಳು ಹೊರಟವು. ಕತ್ತು ಮುಂದೆ ಚಾಚಿ, ಸಾಲು ಸಾಲಾಗಿ, ಕ್ವಾ ಕ್ವಾ ಎನ್ನುತ್ತ ಅವರ ಕಡೆಗೇ ಬಂದವು. ಮುಂದಿನವು ದಡ ಹತ್ತಿ ಕಾಲ ಹತ್ತಿರ ಬಂದು ನಿಂತವು. ಸುಶೀಲಮ್ಮ ಮಣ್ಣಿನ ಹೆಂಟೆ ಎತ್ತಿ ಎಸೆದರು. ಅದು ಬಿದ್ದ ಕಡೆಗೆ ಹತ್ತು ಬಾತುಗಳು ನುಗ್ಗಿ ನೀರಿಗೆ ಕೊಕ್ಕು ಹಾಕಿದವು.

ಇನ್ನೊಂದು ಹೆಂಟೆಗೆ ಎತ್ತಿದ ಕೈ ಅಲ್ಲೇ ನಿಂತಿತು. ಅವರು ಹುಲ್ಲಿನ ಮೇಲೆ ಕೂತುಬಿಟ್ಟರು.

"ಅಮ್ಮ, ಏಳು. ಕಾಲು ತಣ್ಣಗಾಗುತ್ತೆ."

"ಆ ಗುಡಿಸಲು?" ಎಂದರು, ಅತ್ತ ನೋಡದೆ.

"ಅವಿತು ಕೂರೋಕೆ."

"ಅಲ್ಲಿ ಕೂತು ಎರಡು ತಿಂಗಳು ಜಪ ಮಾಡಿದೀನಿ. ನಿಂಗೆ ಗೊತ್ತಿತ್ತು."

"ಹೂಂ."

"ಅವಳಿಗೆ?"

"ಗೊತ್ತಿತ್ತು."

"ಮಗೂಗೂ ಗೊತ್ತಿತ್ತು. ನಮ್ಮನೇಲಿ ಎಲ್ಲರಿಗೂ ಗೊತ್ತಿತ್ತು. ನನಗೂ ಇವಕ್ಕೂ ಗೊತ್ತಿರ್ಲಿಲ್ಲ." ಬಾತೊಂದು ಅವರ ಸೀರೆಯ ಅಂಚನ್ನು ಕೊಕ್ಕಿನಿಂದ ಎಳೆಯುತ್ತಿತ್ತು. ಅವರು ಅದನ್ನು ಓಡಿಸಲಿಲ್ಲ.

ಆಕ್ಲೆಂಡಿಗೆ ಯಾರೂ ಹೋಗಲಿಲ್ಲ.

ಶನಿವಾರ ಬೆಳಗ್ಗೆ ಬೆಳಕು ಹರಿಯುತ್ತಿದ್ದಂತೆ ಮೊದಲ ಗುಂಡು ಕೇಳಿಸಿತು. ಆಮೇಲೆ ಎರಡು ಒಟ್ಟಿಗೆ, ಆಮೇಲೆ ಬಿಡುವಿಲ್ಲದೆ. ಕಿಟಕಿಯ ಗಾಜು ಅದುರುತ್ತಿತ್ತು. ಬಚ್ಚಲುಮನೆಯಲ್ಲಿ ನೀರು ಬೀಳುವ ಸದ್ದಾಯಿತು. ಸುಶೀಲಮ್ಮ ತಲೆಗೆ ಸ್ನಾನ ಮಾಡಿ ಒದ್ದೆ ಸೀರೆಯಲ್ಲೇ ಹೊರಗೆ ಬಂದರು, ಸತ್ತ ಸುದ್ದಿ ಕೇಳಿದವರು ಮಾಡುವ ಹಾಗೆ. ನಿಧಿ ಅದರ ಅರ್ಥ ಕೇಳಲಿಲ್ಲ. ತಾನೂ ಹೋಗಿ ತಲೆಗೆ ನೀರು ಹಾಕಿಕೊಂಡು ಬಂದಳು. ಶ್ರೀವಿದ್ಯಾ ಅವಳ ಕೂದಲು ಒರೆಸುತ್ತ ಅತ್ತಳು. ಬದರಿಗೆ ಬಚ್ಚಲಿಗೆ ಹೋಗುವ ಧೈರ್ಯವಾಗಲಿಲ್ಲ. ಆ ಹಕ್ಕು ತನಗಿದೆಯೇ ಎಂದು ಅವನಿಗೆ ತಿಳಿಯಲಿಲ್ಲ.

ಒಲೆ ಹಚ್ಚಲು ಸುಶೀಲಮ್ಮ ಏಳಲಿಲ್ಲ. ಬದರಿಯೇ ರವೆ ಹುರಿದು ಉಪ್ಪಿಟ್ಟು ಮಾಡಿದ. ಅಮ್ಮನಿಗೆ ಇಷ್ಟವೆಂದು ಗೋಡಂಬಿ ಹಾಕಿದ, ಮೇಲೆ ತುಪ್ಪ ಬಿಟ್ಟ, ಪಕ್ಕದಲ್ಲಿ ಹೇರಳೆಕಾಯಿ ಉಪ್ಪಿನಕಾಯಿ ಇಟ್ಟು ತಟ್ಟೆಯನ್ನು ಅವರ ಮುಂದಿಟ್ಟ. ಹೊರಗೆ ಸದ್ದು ಸ್ವಲ್ಪ ಕಡಿಮೆಯಾಗಿತ್ತು.

"ತಿನ್ನಮ್ಮ. ನಿನ್ನೆ ಮಧ್ಯಾಹ್ನದಿಂದ ಏನೂ ಇಲ್ಲ."

ಸುಶೀಲಮ್ಮ ತಟ್ಟೆಯನ್ನು ನೋಡಿದರು. "ಇದು ಯಾತಕ್ಕೆ?"

"ಹಸಿವಾಗಿರುತ್ತೆ ಅಂತ."

"ಅದಲ್ಲ ನಾನು ಕೇಳಿದ್ದು. ಬಂದಾಗಿಂದ ಅಮ್ಮನಿಗೆ ಅದು ತಂದೆ, ಇದು ತಂದೆ ಅಂತ ಹಾಕ್ತಾನೇ ಇದೀಯ. ಯಾತಕ್ಕೆ, ಅದನ್ನ ಹೇಳು."

ಸೌಟು ಹಿಡಿದು ನಿಂತಿದ್ದ ಬದರಿ ಹೆಂಡತಿಯ ಕಡೆ ನೋಡಿದ. ಅವಳು ಸಹಾಯಕ್ಕೆ ಬರಲಿಲ್ಲ. ಇನ್ನು ತಪ್ಪಿಸಿಕೊಳ್ಳಲು ಅವನಲ್ಲಿ ಯಾವ ಸುಳ್ಳೂ ಉಳಿದಿರಲಿಲ್ಲ.

"ನೀನು ಇಲ್ಲೇ ಉಳೀಲಿ ಅಂತ," ಎಂದ.

ಸುಶೀಲಮ್ಮ ಬಹಳ ಹೊತ್ತು ಅವನನ್ನೇ ನೋಡಿದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಅದನ್ನೇ ಅವನಿಗೆ ತಡೆಯಲಾಗಲಿಲ್ಲ.

"ಬಾಯಿಬಿಟ್ಟು ಒಂದು ಮಾತು ಕೇಳಿದ್ರೆ ಉಳೀತಿದ್ದೆ ಕಣೋ," ಎಂದರು. "ನಂಗೆ ಯಾರಿದಾರೆ ಇನ್ನು?"

ತಟ್ಟೆಯನ್ನು ಮೆಲ್ಲಗೆ ಅವನ ಕಡೆಗೆ ಸರಿಸಿದರು. ಇನ್ನೊಂದು ಗುಂಡು ಹಾರಿತು, ಯಾರೂ ತಲೆಯೆತ್ತಲಿಲ್ಲ.

"ಶಾಂತಾಗೆ ನಾನೇ ಫೋನ್ ಮಾಡ್ತೀನಿ," ಎಂದರು. "ನೀನು ಟಿಕೆಟ್ ನೋಡು."

ಬದರಿ ಒಲೆ ಆರಿಸಿ, ಕೈ ಒರೆಸಿಕೊಂಡು, ಲ್ಯಾಪ್‌ಟಾಪ್ ತರಲು ಒಳಗೆ ಹೋದ.